ಅಂತರಜಾಲ ಪಾವತಿ: ಬೀಗಗಳು ಹೆಚ್ಚಿದವು, ಭದ್ರತೆ?

ಅಂತರಜಾಲದ ಮೂಲಕ ಹಣ ಪಾವತಿ ಮಾಡುವ ಭಾರತೀಯರಿಗೆ ಇರುವಷ್ಟು ಕಟ್ಟುಪಾಡುಗಳು ಅಮೆರಿಕದ ಬಳಕೆದಾರರಿಗೆ ಇಲ್ಲ. ಅಲ್ಲಿ ಕಾರ್ಡಿನ ಸಂಖ್ಯೆ, ಅದರ ಅವಧಿ ಮುಗಿಯುವ ತಿಂಗಳು ಮತ್ತು ಹಿಂಬದಿಯಲ್ಲಿರುವ ಮೂರು ಅಂಕಿಗಳನ್ನು ತುಂಬಿದರೆ ಸಾಮಾನ್ಯವಾಗಿ ವ್ಯವಹಾರ ಮುಗಿಯುತ್ತದೆ. ನಮ್ಮಲ್ಲಿ ಇವನ್ನೆಲ್ಲ ತುಂಬಿದ ಮೇಲೂ ಮೊಬೈಲಿಗೆ ಬರುವ, ಒಮ್ಮೆ ಮಾತ್ರ ಬಳಸಬಹುದಾದ ಗುಪ್ತಸಂಖ್ಯೆ (ಒಟಿಪಿ) ಅಥವಾ ಅದಕ್ಕೆ ಸಮನಾದ ಇನ್ನೊಂದು ಪುರಾವೆ ಬೇಕು. ಹೊಸ ಕಾರ್ಡ್ ಬಂದರೆ ಅದರ ಅಂತರಜಾಲ ಬಳಕೆಯನ್ನು ಗ್ರಾಹಕರೇ ಚಾಲೂ ಮಾಡಿಕೊಳ್ಳಬೇಕು. ಇದು 2020ರಿಂದ ಬಂದ ಕ್ರಮ. ಅಂಗಡಿಯ ಜಾಲತಾಣವು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತನ್ನ ಗಣಕದಲ್ಲಿ ಇಟ್ಟುಕೊಳ್ಳುವುದು 2022ರ ಅಕ್ಟೋಬರ್ 1ರಿಂದ ನಿಷಿದ್ಧ.

ಇಷ್ಟು ಬೀಗಗಳಿರುವ ಮನೆಯಲ್ಲಿ ಕಳ್ಳತನ ನಿಲ್ಲಬೇಕಿತ್ತು. ನಿಂತಿಲ್ಲ. ನಿವೃತ್ತ ಶಿಕ್ಷಕರು, ವ್ಯಾಪಾರಿಗಳು, ವಿದ್ಯಾರ್ಥಿಗಳು, ಕೊನೆಗೆ ತಂತ್ರಾಂಶ ತಯಾರಿಸುವ ಎಂಜಿನಿಯರುಗಳು ಸಹ ಹಣ ಕಳೆದುಕೊಂಡ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹಾಗಾದರೆ ಬೀಗಗಳು ಸರಿಯಿಲ್ಲವೇ? ಬೀಗಗಳು ಮಟ್ಟಿಗೆ ಸರಿಯಾಗಿಯೇ ಇವೆ. ಅವು ಕೇಳುವ ಪ್ರಶ್ನೆ ಮಾತ್ರ ಅರ್ಧ. "ಹಣ ಕೊಡುತ್ತಿರುವವರು ನಿಜವಾಗಿಯೂ ಖಾತೆದಾರರೇ?" ಎಂದು ನಮ್ಮ ವ್ಯವಸ್ಥೆ ಪದೇ ಪದೇ ಕೇಳುತ್ತದೆ. "ಯಾರಿಗೆ, ಏಕೆ ಕೊಡುತ್ತಿದ್ದೇನೆಂಬುದು ಆ ಖಾತೆದಾರರಿಗೆ ಗೊತ್ತಿದೆಯೇ?" ಎಂದು ಕೇಳಲು ಅದು ತೀರ ಇತ್ತೀಚೆಗಷ್ಟೇ ಕಲಿಯುತ್ತಿದೆ. ಈ ಲೇಖನದ ತಕರಾರು ಇಷ್ಟೇ.

ಎರಡನೆಯ ಬೀಗ ಬಂದ ಬಗೆ

ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷ, 2001ರ ಜೂನ್‌ನಲ್ಲಿ, ರಿಸರ್ವ್ ಬ್ಯಾಂಕ್ ಅಂತರಜಾಲ ಬ್ಯಾಂಕಿಂಗ್ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಆಗ ಬ್ಯಾಂಕಿನ ಜಾಲತಾಣ ಬಳಸುವವರೇ ಕಡಿಮೆ. ಕಾರ್ಡಿನ ಮೂಲಕ ರೈಲು ಟಿಕೆಟ್, ವಿಮಾನದ ಟಿಕೆಟ್ ಕೊಳ್ಳುವ ಅಭ್ಯಾಸ ಬೆಳೆದಂತೆ ಕದ್ದ ಕಾರ್ಡ್ ಸಂಖ್ಯೆಗಳ ಬಳಕೆಯೂ ಬೆಳೆಯಿತು. ಹೋಟೆಲಿನಲ್ಲಿ ಬಿಲ್ ಕಟ್ಟಲು ಕೊಟ್ಟ ಕಾರ್ಡನ್ನು ಮಾಣಿ ಒಳಗೆ ಒಯ್ದು ಸಂಖ್ಯೆಗಳನ್ನು ಬರೆದುಕೊಂಡರೆ ಸಾಕಿತ್ತು.

ಇದಕ್ಕೆ ಪರಿಹಾರವಾಗಿ 2009ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಕಾರ್ಡನ್ನು ಎದುರಿಗೆ ಹಾಜರುಪಡಿಸದೆ ಮಾಡುವ ಅಂತರಜಾಲ ವ್ಯವಹಾರಕ್ಕೆ, ಕಾರ್ಡಿನ ಮೇಲೆ ಕಾಣದಿರುವ ಇನ್ನೊಂದು ಮಾಹಿತಿಯನ್ನು ಕೇಳಲೇಬೇಕು ಎಂಬುದು ಅದರ ಸಾರ. ಅದೇ ವರ್ಷದ ಆಗಸ್ಟ್ 1ರಿಂದ ಇದು ಕಡ್ಡಾಯವಾಯಿತು. ಮೊದಮೊದಲು ಬಹಳ ಬ್ಯಾಂಕುಗಳು ಗ್ರಾಹಕರೇ ಆರಿಸಿಕೊಂಡ ಗುಪ್ತಪದ ಕೇಳುತ್ತಿದ್ದವು. ಕ್ರಮೇಣ ಅದರ ಜಾಗಕ್ಕೆ ಒಟಿಪಿ ಬಂತು.

ಈ ಕ್ರಮವನ್ನು ಮೆಚ್ಚಲೇಬೇಕು. ಇದರಿಂದಾಗಿ ಕಾರ್ಡ್ ಸಂಖ್ಯೆಯೊಂದನ್ನೇ ಕದ್ದವನಿಗೆ ಭಾರತದ ಜಾಲತಾಣಗಳಲ್ಲಿ ಹೆಚ್ಚು ಪ್ರಯೋಜನವಿಲ್ಲದಂತಾಯಿತು. 2014ರಲ್ಲಿ ಊಬರ್ ಟ್ಯಾಕ್ಸಿ ಕಂಪೆನಿ ವಿದೇಶಿ ಬ್ಯಾಂಕಿನ ಮೂಲಕ ಹಣ ಪಡೆದು ಈ ಎರಡನೆಯ ಪುರಾವೆಯಿಂದ ತಪ್ಪಿಸಿಕೊಳ್ಳುತ್ತಿತ್ತು. ರಿಸರ್ವ್ ಬ್ಯಾಂಕ್ ಅದಕ್ಕೂ ತಡೆ ಹಾಕಿತು. ಅಕ್ಟೋಬರ್ ಕೊನೆಯ ಗಡುವು ಮುಗಿದ ಮೇಲೆ ಊಬರ್ ನವೆಂಬರ್‌ನಲ್ಲಿ ಪೇಟಿಎಂ ವಾಲೆಟ್‌ಗೆ ಮೊರೆ ಹೋಗಬೇಕಾಯಿತು. ದೊಡ್ಡ ಕಂಪೆನಿ ಎಂದು ರಿಯಾಯಿತಿ ಸಿಗಲಿಲ್ಲ ಎಂಬುದು ಗಮನಾರ್ಹ.

ಬಿಗಿಯ ಬೆಲೆ

ಆದರೆ ಎಲ್ಲ ನಿರ್ಬಂಧಗಳೂ ಭದ್ರತೆಗಾಗಿಯೇ ಬಂದವಲ್ಲ. ವಿದೇಶದ ಗಿರಾಕಿಗಳಿಗೆ ಅನುವಾದ, ವಿನ್ಯಾಸ, ತಂತ್ರಾಂಶ ಮಾಡಿಕೊಟ್ಟು ಪೇಪಾಲ್ ಮೂಲಕ ಹಣ ಪಡೆಯುತ್ತಿದ್ದ ಸಣ್ಣಪುಟ್ಟ ಕೆಲಸಗಾರರ ಉದಾಹರಣೆ ನೋಡಿ. 2010ರ ನವೆಂಬರ್‌ನ ಸುತ್ತೋಲೆಯ ಪ್ರಕಾರ ಹೀಗೆ ಬರುವ ಒಂದೊಂದು ಪಾವತಿಯೂ 500 ಡಾಲರ್ ಮೀರುವಂತಿರಲಿಲ್ಲ. 2011ರ ಮಾರ್ಚ್ 1ರಿಂದ ಬಂದ ಹಣವನ್ನು ಏಳು ದಿನಗಳೊಳಗೆ ಭಾರತದ ಬ್ಯಾಂಕ್ ಖಾತೆಗೆ ಸಾಗಿಸಬೇಕಾಯಿತು. ಪೇಪಾಲ್ ಖಾತೆಯಲ್ಲಿದ್ದ ಹಣದಿಂದಲೇ ಏನನ್ನಾದರೂ ಕೊಳ್ಳುವ ಅವಕಾಶವೂ ಹೋಯಿತು. ಅದೇ ವರ್ಷ ಮಿತಿಯನ್ನು 3,000 ಡಾಲರಿಗೆ, 2013ರಲ್ಲಿ 10,000 ಡಾಲರಿಗೆ ಏರಿಸಲಾಯಿತು. ಇದು ವಿದೇಶಿ ವಿನಿಮಯದ ಲೆಕ್ಕಕ್ಕೆ ಸಂಬಂಧಿಸಿದ ಕಟ್ಟುಪಾಡು. ವಂಚನೆ ತಡೆಗೂ ಇದಕ್ಕೂ ನೇರ ಸಂಬಂಧವಿಲ್ಲ. ಬಳಕೆದಾರರಿಗೆ ಮಾತ್ರ ಎರಡೂ ಒಂದೇ ರೀತಿ ಕಾಣಿಸುತ್ತವೆ: "ನಿಮ್ಮ ವ್ಯವಹಾರ ವಿಫಲವಾಗಿದೆ" ಎಂಬ ಒಂದು ಸಾಲು. ಯಾವ ನಿಯಮದಿಂದ ಏಕೆ ವಿಫಲವಾಯಿತು ಎಂಬ ವಿವರಣೆ ಸಿಗುವುದು ಅಪರೂಪ.

ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಚಂದಾಹಣದ ವಿಷಯದಲ್ಲೂ ಹೀಗೇ ಆಯಿತು. 2021ರ ಅಕ್ಟೋಬರ್ 1ರಿಂದ ಇಂತಹ ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಕಳುಹಿಸಬೇಕು, 5,000 ರೂಪಾಯಿಗಿಂತ ಹೆಚ್ಚಿದ್ದರೆ ಪ್ರತಿ ಸಲವೂ ಗ್ರಾಹಕರ ಒಪ್ಪಿಗೆ ಪಡೆಯಬೇಕು ಎಂಬ ನಿಯಮ ಬಂತು. ಹಲವು ವಿದೇಶಿ ಸೇವೆಗಳಲ್ಲಿ ಭಾರತದ ಕಾರ್ಡುಗಳು ಇದ್ದಕ್ಕಿದ್ದಂತೆ ನಡೆಯದಾದವು. 2022ರ ಜೂನ್‌ನಲ್ಲಿ ಈ ಮಿತಿಯನ್ನು 15,000ಕ್ಕೆ ಏರಿಸಿದರು. ತೊಂದರೆಯಾಯಿತು ನಿಜ. ಆದರೂ ಈ ನಿಯಮ ಒಳ್ಳೆಯದು, ಏಕೆಂದರೆ ಇದು ಕೇಳಿದ್ದು ಪೂರ್ಣ ಪ್ರಶ್ನೆಯನ್ನು. ಯಾರು, ಎಷ್ಟು, ಯಾವಾಗ ಹಣ ತೆಗೆಯುತ್ತಾರೆಂದು ಗ್ರಾಹಕರಿಗೆ ಮುಂಚೆಯೇ ತಿಳಿಸಿ, ಬೇಡವೆನ್ನುವ ಅವಕಾಶವನ್ನೂ ಕೊಟ್ಟಿತು.

ಇನ್ನೊಂದೆಡೆ, ಮುಂಬಾಗಿಲಿಗೆ ಇಷ್ಟೆಲ್ಲ ಬೀಗ ಹಾಕಿ ಕಿಟಕಿಗಳನ್ನು ತೆರೆದಿಟ್ಟ ಉದಾಹರಣೆಗಳೂ ಇವೆ. 2009ರ ನಿಯಮ ವಿದೇಶದ ಅಂಗಡಿಗಳ ಜಾಲತಾಣಗಳನ್ನು ಕಟ್ಟಿಹಾಕಲಿಲ್ಲ. ಅಲ್ಲಿ ಭಾರತದ ಕಾರ್ಡನ್ನು ಒಟಿಪಿ ಇಲ್ಲದೆ ಬಳಸುವುದು ಸಾಧ್ಯವಾಗಿಯೇ ಉಳಿಯಿತು. ವಿದೇಶಿ ಅಂಗಡಿ ಕೇಳಿದಾಗ ಎರಡನೆಯ ಪುರಾವೆ ಪಡೆಯುವ ಏರ್ಪಾಡನ್ನು ಮಾಡಿಕೊಳ್ಳಲು ರಿಸರ್ವ್ ಬ್ಯಾಂಕ್ 2025ರಲ್ಲಿ ಕಾರ್ಡ್ ನೀಡುವ ಬ್ಯಾಂಕುಗಳಿಗೆ ಕೊಟ್ಟ ಗಡುವು 2026ರ ಅಕ್ಟೋಬರ್ 1. ಹಾಗೆಯೇ ಹಳ್ಳಿಗಳಲ್ಲಿ ಬ್ಯಾಂಕ್ ಪ್ರತಿನಿಧಿಯ ಬಳಿ ಹಣ ತೆಗೆಯಲು ಬಳಸುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯನ್ನು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇಷ್ಟರ ಮೇಲೆಯೇ ನಡೆಯುವಂತೆ ರೂಪಿಸಲಾಯಿತು. ಅದರಲ್ಲಿ ಒಟಿಪಿಯೂ ಇಲ್ಲ, ಪಿನ್ನೂ ಇಲ್ಲ. 2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದ ಪ್ರಕರಣಗಳಲ್ಲಿ, ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಹಣ ದೋಚಲಾಗಿತ್ತು. ಗುಪ್ತಪದ ಸೋರಿಹೋದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲಾದೀತೇ?

ಕಳ್ಳ ದಾರಿ ಬದಲಿಸಿದ

ಕಿರುಸಂದೇಶದ ಮೂಲಕ ಬರುವ ಒಟಿಪಿಯ ತಾಂತ್ರಿಕ ದೌರ್ಬಲ್ಯಗಳು ಗೊತ್ತಿರುವಂಥವೇ. ದೂರವಾಣಿ ಜಾಲಗಳು ಪರಸ್ಪರ ಮಾತನಾಡಲು ಬಳಸುವ ಎಸ್ಎಸ್7 ಎಂಬ ಹಳೆಯ ಸಂಕೇತ ವ್ಯವಸ್ಥೆಯಲ್ಲಿನ ದೋಷ ಬಳಸಿ 2017ರಲ್ಲಿ ಜರ್ಮನಿಯ ಗ್ರಾಹಕರ ಒಟಿಪಿಗಳನ್ನು ದಾರಿತಪ್ಪಿಸಿ ಖಾತೆಗಳಿಂದ ಹಣ ತೆಗೆದಿದ್ದರು. ಅದೇ ವರ್ಷ ಅಮೆರಿಕದ ಮಾನಕ ಸಂಸ್ಥೆ ಎನ್ಐಎಸ್‌ಟಿ ಇಂತಹ ಸಂದೇಶಗಳನ್ನು ಮಿತವಾಗಿ, ಎಚ್ಚರದಿಂದ ಬಳಸಬೇಕಾದ ವಿಧಾನಗಳ ಪಟ್ಟಿಗೆ ಸೇರಿಸಿತು. ಗ್ರಾಹಕರ ಹೆಸರಿನಲ್ಲಿ ನಕಲಿ ಸಿಮ್ ಪಡೆಯುವುದು, ಒಟಿಪಿಯನ್ನು ಕದ್ದು ರವಾನಿಸುವ ಕಳ್ಳ ತಂತ್ರಾಂಶವನ್ನು ಮೊಬೈಲಿಗೆ ಇಳಿಸುವಂತೆ ಮಾಡುವುದು, ಇವು ನಮ್ಮಲ್ಲಿಯೂ ನಡೆದಿವೆ.

ಆದರೆ ನಮ್ಮ ಕಳ್ಳರಿಗೆ ಬಹುಪಾಲು ಇಷ್ಟು ಶ್ರಮವೇ ಬೇಕಾಗುವುದಿಲ್ಲ. ಬೀಗ ಒಡೆಯುವುದಕ್ಕಿಂತ ಮನೆಯವರಿಂದಲೇ ಬಾಗಿಲು ತೆಗೆಸುವುದು ಸುಲಭ. ಒಂದು ದೂರವಾಣಿ ಕರೆ ಸಾಕು.

ಯುಪಿಐ ವ್ಯವಸ್ಥೆಯ ಒಂದು ಸೌಲಭ್ಯ ಇದಕ್ಕೆ ಒಳ್ಳೆಯ ನಿದರ್ಶನ. 2016ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಪಾವತಿ ನಿಗಮ ಯುಪಿಐ ಪ್ರಕಟಿಸಿತು. ತಾಂತ್ರಿಕವಾಗಿ ಇದರ ಭದ್ರತೆ ಒಳ್ಳೆಯದೇ. ಆಪ್ ನಿಮ್ಮ ಸಿಮ್‌ನಿಂದ ಒಂದು ಸಂದೇಶ ಕಳುಹಿಸಿ ಮೊಬೈಲನ್ನೂ ಖಾತೆಯನ್ನೂ ಗಂಟುಹಾಕುತ್ತದೆ. ಇದು ಮೊದಲ ಪುರಾವೆ. ನಿಮ್ಮ ಪಿನ್ ಎರಡನೆಯದು. ಇದರಲ್ಲಿ ಹಣ ಕಳುಹಿಸುವುದಲ್ಲದೆ, ಬೇರೆಯವರಿಂದ ಹಣ ಕೇಳುವ ಕೋರಿಕೆಯನ್ನೂ ಕಳುಹಿಸಬಹುದಿತ್ತು. ಹಳೆಯ ಮಂಚ ಮಾರಲು ಜಾಹೀರಾತು ಕೊಟ್ಟವರಿಗೆ ಕರೆ ಬರುತ್ತದೆ. "ಈಗಲೇ ಮುಂಗಡ ಕಳುಹಿಸುತ್ತೇನೆ, ನಿಮ್ಮ ಮೊಬೈಲಿಗೆ ಬಂದದ್ದನ್ನು ಒತ್ತಿ ಪಿನ್ ಹಾಕಿ" ಎನ್ನುತ್ತಾನೆ ಕರೆ ಮಾಡಿದವ. ಬಂದದ್ದು ಹಣವಲ್ಲ, ಹಣ ಕೇಳುವ ಕೋರಿಕೆ. ಪಿನ್ ಹಾಕಿದ ಕೂಡಲೇ ಖಾತೆಯಿಂದ ಹಣ ಹೋಗುತ್ತದೆ.

ಇಲ್ಲಿ ಯಾವ ಬೀಗವೂ ಮುರಿಯಲಿಲ್ಲ. ಮೊಬೈಲು ಸರಿಯಾದದ್ದು, ಸಿಮ್ ಸರಿಯಾದದ್ದು, ಪಿನ್ ಸರಿಯಾದದ್ದು. ಗಣಕದ ದೃಷ್ಟಿಯಲ್ಲಿ ಇದು ನೂರಕ್ಕೆ ನೂರು ಶುದ್ಧ ವ್ಯವಹಾರ. "ಹಣ ಪಡೆಯಲು ಪಿನ್ ಬೇಕಿಲ್ಲ" ಎಂದು ಬ್ಯಾಂಕುಗಳು ವರ್ಷಗಟ್ಟಲೆ ಜಾಹೀರಾತು ನೀಡಿದವು. ಜನರ ಅಜ್ಞಾನವನ್ನು ತಿದ್ದಲು ಖರ್ಚಾದ ಹಣದ ಅರ್ಧದಷ್ಟು ಯೋಚನೆಯನ್ನು ಆ ಪರದೆಯನ್ನು ತಿದ್ದಲು ವ್ಯಯಿಸಿದ್ದರೆ ಸಾಕಿತ್ತು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಇಂತಹ ಕೋರಿಕೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಂತಹದಕ್ಕೇ ಹುಟ್ಟಿದ್ದು.

'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನ ವಂಚನೆಯೂ ಇದೇ ಜಾತಿಯದು. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ, ಹೆದರಿಸಿ, ಗಂಟೆಗಟ್ಟಲೆ ಕೂರಿಸಿ ಹಣ ವರ್ಗಾಯಿಸಿಕೊಳ್ಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ತಮ್ಮ ಬಾನುಲಿ ಮಾತಿನಲ್ಲಿ ಇದರ ಬಗ್ಗೆ ಎಚ್ಚರಿಸಬೇಕಾಯಿತು. ಇಲ್ಲಿ ಒಟಿಪಿಯನ್ನು ಹತ್ತು ಸಲ ಕೇಳಿದರೂ ಖಾತೆದಾರರು ಹತ್ತು ಸಲವೂ ತಾವೇ ತುಂಬುತ್ತಾರೆ.

ಚೆಕ್ಕಿನಲ್ಲಿ ಇದ್ದದ್ದು, ಪರದೆಯಲ್ಲಿ ಇಲ್ಲದ್ದು

ಹಳೆಯ ಕಾಲದ ಚೆಕ್ಕನ್ನು ನೆನಪಿಸಿಕೊಳ್ಳಿ. ಪಡೆಯುವವರ ಹೆಸರು, ದಿನಾಂಕ, ಮೊತ್ತ ಅಕ್ಷರದಲ್ಲಿ ಮತ್ತು ಅಂಕಿಯಲ್ಲಿ. ಇವೆಲ್ಲ ಒಂದೇ ಕಾಗದದ ಮೇಲೆ ಇರುತ್ತವೆ. ಅವುಗಳ ಕೆಳಗೆ ಸಹಿ. ಎರಡು ಗೆರೆ ಎಳೆದು 'ಖಾತೆಗೆ ಮಾತ್ರ' ಎಂದು ಬರೆದರೆ, ಆ ಹೆಸರಿನವರ ಖಾತೆಗೇ ಹಣ ಸೇರುವಂತೆ ನೋಡಿಕೊಳ್ಳುವುದು ಬ್ಯಾಂಕಿನ ಹೊಣೆ.

ಗಣಕ ಬಂದ ಮೇಲೆ ಈ ವಿಷಯದಲ್ಲಿ ನಾವು ಹಿಂದೆ ಸರಿದೆವು. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ವಿದ್ಯುನ್ಮಾನ ವರ್ಗಾವಣೆಯಲ್ಲಿ ಖಾತೆ ಸಂಖ್ಯೆಯೊಂದನ್ನೇ ನೋಡಿ ಹಣ ಜಮಾ ಮಾಡಬಹುದು, ಹೆಸರನ್ನು ತಾಳೆ ನೋಡಬೇಕಾಗಿಲ್ಲ ಎಂದು ಸ್ಪಷ್ಟಪಡಿಸಿತು. ಕಾರಣವೂ ಇತ್ತು. ಒಬ್ಬರ ಹೆಸರನ್ನೇ ನಾಲ್ಕು ಬಗೆಯಲ್ಲಿ ಬರೆಯುವ ದೇಶ ನಮ್ಮದು. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂದು ಗಣಕ ಪರೀಕ್ಷಿಸುತ್ತ ಕುಳಿತರೆ ಅರ್ಧದಷ್ಟು ವ್ಯವಹಾರಗಳು ವಾಪಸಾಗುತ್ತಿದ್ದವು. ಆದರೆ ಪರಿಣಾಮವೇನು? ನೀವು ನೆಫ್ಟ್ ಅರ್ಜಿಯಲ್ಲಿ ತುಂಬುವ ಹೆಸರು ಕೇವಲ ಅಲಂಕಾರವಾಯಿತು.

ಇದಕ್ಕೆ ಸರಳ ಉಪಾಯವಿತ್ತು. ಗಣಕ ಹೆಸರನ್ನು ತಾಳೆ ನೋಡುವುದು ಬೇಡ. ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನು ತೋರಿಸಿದರೆ ಸಾಕು, ಗ್ರಾಹಕರೇ ತಾಳೆ ನೋಡುತ್ತಾರೆ. ನೆಫ್ಟ್ ಮತ್ತು ಆರ್‌ಟಿಜಿಎಸ್‌ಗಳಲ್ಲಿ ಈ ಸೌಲಭ್ಯವನ್ನು ಒದಗಿಸಲು ಬ್ಯಾಂಕುಗಳಿಗೆ ಕೊಟ್ಟ ಗಡುವು 2025ರ ಏಪ್ರಿಲ್ 1. ಯುಪಿಐ ಆಪ್‌ಗಳು ಗ್ರಾಹಕರು ತಾವೇ ಇಟ್ಟುಕೊಂಡ ಅಡ್ಡಹೆಸರಿನ ಬದಲು ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕೆಂಬ ನಿಯಮಕ್ಕೆ ಗಡುವು 2025ರ ಜೂನ್ 30. ಬ್ರಿಟನ್ನಿನ ದೊಡ್ಡ ಬ್ಯಾಂಕುಗಳು ಇದನ್ನು 2020ರಲ್ಲೇ ಆರಂಭಿಸಿದ್ದವು. ಯುರೋಪಿನಲ್ಲಿ 2019ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮವಂತೂ ಒಂದು ಹೆಜ್ಜೆ ಮುಂದಿದೆ. ಅಲ್ಲಿನ ಗುಪ್ತಸಂಖ್ಯೆ ಮೊತ್ತ ಮತ್ತು ಪಡೆಯುವವರು ಇವೆರಡಕ್ಕೂ ಅಂಟಿಕೊಂಡಿರಬೇಕು, ಅವೆರಡನ್ನೂ ಗ್ರಾಹಕರಿಗೆ ತೋರಿಸಬೇಕು, ಒಂದು ಬದಲಾದರೂ ಸಂಖ್ಯೆ ಕೆಲಸ ಮಾಡಬಾರದು. ಇದು ಚೆಕ್ಕಿನ ಸಹಿಯ ತತ್ವವೇ.

ಸಂದೇಶದ ಭಾಷೆ

ತೋರಿಸಿದರೆ ಸಾಲದು, ಅರ್ಥವಾಗಬೇಕು. ಕನ್ನಡ ಮಾತ್ರ ಓದಬಲ್ಲ ಗ್ರಾಹಕರಿಗೆ ಬಹಳ ಬ್ಯಾಂಕುಗಳಿಂದ ಬರುವ ಒಟಿಪಿ ಸಂದೇಶ ಇಂಗ್ಲಿಷಿನಲ್ಲಿರುತ್ತದೆ. "ಇದನ್ನು ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆಯೂ ಇಂಗ್ಲಿಷಿನಲ್ಲೇ. ಅವರು ಓದಬಲ್ಲದ್ದು ಆರು ಅಂಕಿಗಳನ್ನು ಮಾತ್ರ. ಕನ್ನಡದಲ್ಲಿ ನಯವಾಗಿ ಮಾತನಾಡುತ್ತಿರುವ ಕಳ್ಳ ಕೇಳುವುದೂ ಅದನ್ನೇ!

ಇದಕ್ಕೊಂದು ತಾಂತ್ರಿಕ ನೆಪವಿದೆ. ಒಂದು ಕಿರುಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸುತ್ತವೆ. ಯುನಿಕೋಡ್ ಬಳಸಿದರೆ 70 ಸಂಕೇತಗಳು ಮಾತ್ರ. ಕನ್ನಡದಲ್ಲಿ ಒಂದು ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಸಂಕೇತ ಬೇಕಾಗುತ್ತದೆ. 'ಸ್ತ್ರೀ' ಎಂದು ಬರೆಯಲು ಆರು ಸಂಕೇತಗಳು ಖರ್ಚಾಗುತ್ತವೆ. ಆದ್ದರಿಂದ ಕನ್ನಡದ ಒಂದು ಎಚ್ಚರಿಕೆ ಎರಡು ಮೂರು ಸಂದೇಶಗಳ ಜಾಗ ತಿನ್ನುತ್ತದೆ, ಬ್ಯಾಂಕಿಗೆ ಅಷ್ಟು ಪಟ್ಟು ಖರ್ಚು. ಆದರೆ ಬ್ಯಾಂಕಿನ ಆಪ್ ಒಳಗೆ ಬರುವ ಸೂಚನೆಗೆ ಈ ಮಿತಿ ಇಲ್ಲವೇ ಇಲ್ಲ. ಅಲ್ಲಿಯೂ ಕನ್ನಡ ಕಾಣದಿದ್ದರೆ ಅದಕ್ಕೆ ತಂತ್ರಜ್ಞಾನವನ್ನು ದೂರಿ ಫಲವಿಲ್ಲ. "ನೀವು ಇಂಥವರಿಗೆ ಇಷ್ಟು ಹಣ ಕೊಡುತ್ತಿದ್ದೀರಿ" ಎಂಬ ಒಂದು ಕನ್ನಡ ವಾಕ್ಯ ಪಿನ್ ಹಾಕುವ ಜಾಗದ ಮೇಲೆ ದಪ್ಪಕ್ಷರದಲ್ಲಿದ್ದರೆ, ಅದು ಇನ್ನೊಂದು ಬೀಗಕ್ಕಿಂತ ಹೆಚ್ಚು ಕೆಲಸ ಮಾಡೀತು.

ನಷ್ಟ ಯಾರದು?

ಈಗ ಮುಖ್ಯ ಮಾತಿಗೆ ಬರೋಣ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಗ್ರಾಹಕರ ಹೊಣೆಯನ್ನು ಮಿತಿಗೊಳಿಸುವ ಸುತ್ತೋಲೆ ಹೊರಡಿಸಿತು. ಬ್ಯಾಂಕಿನ ತಪ್ಪಿದ್ದರೆ ಗ್ರಾಹಕರಿಗೆ ಯಾವ ನಷ್ಟವೂ ಇಲ್ಲ. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿಕೆಯಾಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ನಷ್ಟಕ್ಕೆ ಮಿತಿಯುಂಟು. ಗ್ರಾಹಕರ ತಪ್ಪನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಇದೊಂದು ಒಳ್ಳೆಯ ಸುತ್ತೋಲೆ. 2016ರಲ್ಲಿ ಪಾವತಿ ಜಾಲವೊಂದಕ್ಕೆ ಕಳ್ಳ ತಂತ್ರಾಂಶ ನುಗ್ಗಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳು ಅಪಾಯಕ್ಕೆ ಸಿಲುಕಿದ್ದನ್ನು ನೆನೆದರೆ ಇದರ ಅಗತ್ಯ ಅರ್ಥವಾಗುತ್ತದೆ.

ಆದರೆ ಅದರಲ್ಲಿ ಇನ್ನೊಂದು ಸಾಲಿತ್ತು. ಗ್ರಾಹಕರೇ ಗುಪ್ತ ಮಾಹಿತಿ ಹಂಚಿಕೊಂಡಂತಹ ನಿರ್ಲಕ್ಷ್ಯದಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವರದೇ. ವಂಚನೆಯ ರೀತಿ ಬದಲಾದ ಮೇಲೆ ಈ ಸಾಲು ಬೆಳೆದು ಸುತ್ತೋಲೆಯನ್ನೇ ನುಂಗಿತು. ಮೋಸ ಹೋಗಿ ಒಟಿಪಿ ಹೇಳಿದವರು, ಮೋಸ ಹೋಗಿ ಪಿನ್ ಹಾಕಿದವರು ಎಲ್ಲರೂ 'ನಿರ್ಲಕ್ಷ್ಯ'ದ ಪಟ್ಟಿಗೆ ಸೇರಿದರು. ಹೀಗಾಗಿ ಎರಡನೆಯ ಪುರಾವೆ ಗ್ರಾಹಕರನ್ನು ಕಾಯುವ ಸಾಧನವಾಗಿದ್ದದ್ದು, ಗ್ರಾಹಕರ ವಿರುದ್ಧದ ಸಾಕ್ಷಿಯೂ ಆಯಿತು.

ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದರು. 2024ರ ಅಕ್ಟೋಬರ್ 7ರಿಂದ ಅಲ್ಲಿ ಮೋಸ ಹೋಗಿ ತಾವೇ ಹಣ ಕಳುಹಿಸಿದ ಗ್ರಾಹಕರಿಗೂ 85,000 ಪೌಂಡ್‌ವರೆಗೆ ಪರಿಹಾರ ಕೊಡಬೇಕು. ತೀವ್ರ ನಿರ್ಲಕ್ಷ್ಯಕ್ಕೆ ಮಾತ್ರ ವಿನಾಯಿತಿ. ಈ ಮೊತ್ತದ ಅರ್ಧವನ್ನು ಹಣ ಕಳುಹಿಸಿದ ಬ್ಯಾಂಕು, ಇನ್ನರ್ಧವನ್ನು ಹಣ ಪಡೆದ ಬ್ಯಾಂಕು ಭರಿಸಬೇಕು. ಈ ಎರಡನೆಯ ಅರ್ಧದಲ್ಲೇ ಜಾಣ್ಮೆಯಿದೆ. ಕಳ್ಳನಿಗೂ ಒಂದು ಖಾತೆ ಬೇಕು. ಆ ಖಾತೆ ಬಾಡಿಗೆಗೆ ಪಡೆದ ಬೇರೆ ಯಾರದೋ ಹೆಸರಿನಲ್ಲಿರುತ್ತದೆ. ಅದನ್ನು ತೆರೆದುಕೊಟ್ಟು, ನಿನ್ನೆಯವರೆಗೆ ಖಾಲಿಯಿದ್ದ ಖಾತೆಗೆ ಇಂದು ಹತ್ತು ಊರುಗಳಿಂದ ಹಣ ಬಂದದ್ದನ್ನು ಗಮನಿಸದೆ ಕುಳಿತದ್ದು ಒಂದು ಬ್ಯಾಂಕು. ಇಂತಹ ಖಾತೆಗಳನ್ನು ಗುರುತಿಸುವ 'ಮ್ಯೂಲ್‌ಹಂಟರ್' ತಂತ್ರಾಂಶವನ್ನು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ರೂಪಿಸಿದೆ. 2024ರ ಡಿಸೆಂಬರ್‌ನಲ್ಲಿ ಅದನ್ನು ಪ್ರಕಟಿಸಲಾಯಿತು. ಸಾಧನ ಇದೆ ಎಂದಾಯಿತು. ಅದನ್ನು ಮನಸ್ಸಿಟ್ಟು ಬಳಸಬೇಕಾದರೆ, ಬಳಸದಿದ್ದರೆ ತಮಗೂ ನಷ್ಟವಿದೆ ಎಂಬ ಅಂಜಿಕೆ ಬ್ಯಾಂಕುಗಳಿಗೆ ಇರಬೇಕು.

2025ರ ಸೆಪ್ಟೆಂಬರ್ 25ರಂದು ರಿಸರ್ವ್ ಬ್ಯಾಂಕ್ ಪುರಾವೆಗಳ ಬಗ್ಗೆ ಹೊಸ ನಿರ್ದೇಶನ ಹೊರಡಿಸಿದೆ. 2026ರ ಏಪ್ರಿಲ್ 1 ಅದರ ಪಾಲನೆಗೆ ಕೊಟ್ಟ ದಿನ. ಕಿರುಸಂದೇಶದ ಒಟಿಪಿಗೆ ಬದಲಾಗಿ ಬೇರೆ ವಿಧಾನಗಳಿಗೂ ಇದು ದಾರಿ ತೆರೆದಿದೆ. ವ್ಯವಹಾರದ ಸ್ಥಳ, ಉಪಕರಣ, ಗ್ರಾಹಕರ ರೂಢಿ ಇವನ್ನು ನೋಡಿ ಅಪಾಯವನ್ನು ಅಂದಾಜಿಸುವುದಕ್ಕೂ ಅವಕಾಶವಿದೆ. ನಿಯಮ ಪಾಲಿಸದ್ದರಿಂದ ನಷ್ಟವಾದರೆ ಬ್ಯಾಂಕೇ ಪೂರ್ತಿ ತುಂಬಿಕೊಡಬೇಕು ಎಂದೂ ಹೇಳಿದೆ. ಆದರೆ ನಿಯಮವನ್ನು ಅಕ್ಷರಶಃ ಪಾಲಿಸಿದ ಮೇಲೂ ಮೋಸ ಹೋದವರ ಪ್ರಶ್ನೆಗೆ ಈ ನಿರ್ದೇಶನದಲ್ಲಿ ಉತ್ತರವಿಲ್ಲ.

ನಾವು ಮಾಡಬೇಕಾದ್ದು

ನಿಯಮ ಸುಧಾರಿಸುವವರೆಗೆ ಕಾಯುವಂತಿಲ್ಲ. ಸಣ್ಣಪುಟ್ಟ ಪಾವತಿಗೆ ಬೇರೆ ಖಾತೆಯಿಟ್ಟು ಅದರಲ್ಲಿ ಸ್ವಲ್ಪವೇ ಹಣವಿಡಿ. ಉಳಿತಾಯದ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಕಾರ್ಡಿನ ವಿದೇಶಿ ಬಳಕೆಯನ್ನು ಬೇಕಾದಾಗ ಮಾತ್ರ ಚಾಲೂ ಮಾಡಿ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಬಳಸಿಕೊಳ್ಳಿ. ಪಿನ್ ಹಾಕುವ ಮುನ್ನ ಪರದೆಯ ಮೇಲಿನ ಹೆಸರನ್ನು ಒಮ್ಮೆ ಓದಿ. ಹಣ ಹೋಯಿತೆಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಓಡುವ ಮುನ್ನ ತಡೆಯಲು ಸಿಗುವ ಸಮಯ ಬಹಳ ಕಡಿಮೆ. ನಾಚಿಕೆಪಟ್ಟು ಮರುದಿನದವರೆಗೆ ಮುಚ್ಚಿಡುವುದರಿಂದ ಲಾಭವಾಗುವುದು ಕಳ್ಳನಿಗೆ ಮಾತ್ರ.

ಆದರೆ ಇವೆಲ್ಲ ಗ್ರಾಹಕರ ಪಾಲಿನ ಕೆಲಸ. ಕೋಟಿಗಟ್ಟಲೆ ಜನರು ದಿನಕ್ಕೆ ಹಲವು ಬಾರಿ ಮಾಡುವ ಕೆಲಸದಲ್ಲಿ ಯಾರೂ ಎಂದೂ ಎಡವಬಾರದು ಎಂದು ನಿರೀಕ್ಷಿಸುವ ಯಂತ್ರವನ್ನು ಎಂಜಿನಿಯರುಗಳು ಒಳ್ಳೆಯ ಯಂತ್ರ ಎನ್ನುವುದಿಲ್ಲ. ಮನುಷ್ಯರು ಎಡವುತ್ತಾರೆ, ಹೆದರುತ್ತಾರೆ, ಅವಸರಪಡುತ್ತಾರೆ. ರೈಲ್ವೆಯವರು ಚಾಲಕ ಸಿಗ್ನಲ್ ನೋಡದೆ ಮುಂದೆ ಹೋದರೆ ಏನು ಮಾಡಬೇಕೆಂದೂ ಯೋಚಿಸುತ್ತಾರೆ. ಪಾವತಿ ವ್ಯವಸ್ಥೆಯನ್ನು ಕಟ್ಟುವವರಿಂದಲೂ ಅಷ್ಟನ್ನು ನಿರೀಕ್ಷಿಸುವುದು ಹೆಚ್ಚಲ್ಲ. ಮುಂದಿನ ನಿರ್ಬಂಧ ತರುವ ಮೊದಲು ಅವರು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಹಣ ಯಾರಿಗೆ ಹೋಗುತ್ತಿದೆಯೆಂದು ಇದು ಗ್ರಾಹಕರಿಗೆ ತೋರಿಸುತ್ತದೆಯೇ? ಅವರ ಭಾಷೆಯಲ್ಲಿ ತೋರಿಸುತ್ತದೆಯೇ? ಎಡವಿದಾಗ ನಷ್ಟವನ್ನು ಯಾರು ಯಾರು ಹೊರುತ್ತಾರೆ? ಮೂರಕ್ಕೂ ಉತ್ತರವಿಲ್ಲದ ನಿರ್ಬಂಧ ಗ್ರಾಹಕರಿಗೆ ಇನ್ನೊಂದು ತೊಡಕು ಮಾತ್ರ.